ಏಕವ್ಯಕ್ತಿ ರಂಗದಲ್ಲಿ ರಾಜಕಾರಣಿ: ‘ಸೀಕ್ರೆಟ್ ಆನರ್’ ನಾಟಕದ ಒಂದು ವಿವೇಚನೆ

೧

ಭರತನು ನಾಟ್ಯಶಾಸ್ತ್ರದಲ್ಲಿ ನಿರೂಪಿಸಿರುವ ದಶರೂಪಕಗಳಲ್ಲಿ ಭಾಣವೂ ಒಂದು. ಒಂದೇ ಅಂಕ, ಒಬ್ಬನೇ ನಟ, ಇವು ಅದರ ಮುಖ್ಯ ಲಕ್ಷಣಗಳು. ರಂಗದ ಮೇಲೆ ನಿಂತ ವಿಟನು ಕಣ್ಣಿಗೆ ಕಾಣದ ಯಾರನ್ನೋ ಕರೆಯುತ್ತಾನೆ, ‘ಏನೆನ್ನುತ್ತೀಯೆ?’ ಎಂದು ಕೇಳುತ್ತಾನೆ. ಆತನ ಉತ್ತರವನ್ನು ತಾನೇ ನುಡಿದು, ಅದಕ್ಕೆ ಪ್ರತ್ಯುತ್ತರವನ್ನೂ ತಾನೇ ಕೊಡುತ್ತಾನೆ. ಈ ತಂತ್ರಕ್ಕೆ ಆಕಾಶಭಾಷಿತವೆಂದು ಹೆಸರು. ತನ್ನ ಅನುಭವವನ್ನು ಹೇಳಿಕೊಳ್ಳುವುದು, ಇತರರ ವೃತ್ತಾಂತವನ್ನು ವರ್ಣಿಸುವುದು ಎಂದು ಭಾಣದಲ್ಲಿ ಎರಡು ಬಗೆಗಳನ್ನೂ ಶಾಸ್ತ್ರಕಾರನು ಗುರುತಿಸಿದ್ದಾನೆ. ‘ಚತುರ್ಭಾಣೀ’ ಎಂದು ಪ್ರಸಿದ್ಧವಾದ ನಾಲ್ಕು ಪ್ರಾಚೀನ ಭಾಣಗಳನ್ನು ಓದಿದವರಿಗೆ, ಒಬ್ಬನೇ ನಟನು ಇಡೀ ನಗರದ ಬೀದಿಯನ್ನು ಮಾತಿನಿಂದಲೇ ಹೇಗೆ ತುಂಬಬಲ್ಲನೆಂಬುದು ತಿಳಿದೇ ಇದೆ. ಏಕವ್ಯಕ್ತಿ ನಾಟಕವು ಪಶ್ಚಿಮದಿಂದ ನಿನ್ನೆ ಮೊನ್ನೆ ಬಂದ ಹೊಸ ಸರಕೆಂದು ಭಾವಿಸುವವರು ಈ ಪರಂಪರೆಯನ್ನು ಮರೆಯಬಾರದು.

ಆದರೆ ಭಾಣದ ನಾಯಕನು ವಿಟ ಅಥವಾ ಧೂರ್ತ, ರಾಜನಲ್ಲ, ಮಂತ್ರಿಯಲ್ಲ. ಪೂರ್ವಾಚಾರ್ಯರು ಈ ನಿಯಮವನ್ನು ಯಾವ ಕಾರಣದಿಂದ ಮಾಡಿದ್ದರೂ, ಅದರಲ್ಲಿ ಒಂದು ಔಚಿತ್ಯವಿದೆಯೆಂದು ನಮಗೆ ತೋರುತ್ತದೆ. ಬೀದಿಯಲ್ಲಿ ಅಲೆಯುವ ವಿಟನು ಇತರರ ಮಾತನ್ನು ತಿರುಚಿ ಹೇಳಿದರೆ ನಾವು ನಗುತ್ತೇವೆ. ಅದರಿಂದ ಯಾರ ಮನೆಯೂ ಮುಳುಗುವುದಿಲ್ಲ. ರಾಜ್ಯವನ್ನು ಆಳಿದವನು ಹಾಗೆ ಮಾಡಿದರೆ ಅದು ನಗೆಯ ವಿಷಯವಾಗಿ ಉಳಿಯದು. ರಾಜಕಾರಣಿಯು ಸ್ವಭಾವತಃ ಸಭೆಯ ಮನುಷ್ಯ. ಎದುರಾಳಿಯ ಆಕ್ಷೇಪಣೆ, ಪ್ರಜೆಗಳ ಪ್ರಶ್ನೆ, ಪತ್ರಿಕೆಗಳ ಟೀಕೆ ಇವುಗಳ ನಡುವೆಯೇ ಅವನ ಮಾತಿನ ಸತ್ಯಾಸತ್ಯಗಳು ಪರೀಕ್ಷೆಗೆ ಒಳಗಾಗುತ್ತವೆ. ಅಂಥವನನ್ನು ಸಭೆಯಿಂದ ಬೇರ್ಪಡಿಸಿ, ಒಂದೂವರೆ ಗಂಟೆಯ ಕಾಲ ರಂಗವನ್ನು ಅವನೊಬ್ಬನಿಗೇ ಒಪ್ಪಿಸಿದಾಗ ಸತ್ಯವು ಏನಾಗುತ್ತದೆ? ಅವನ ಬಾಳಿನ ಪರಿವರ್ತನೆಯನ್ನು ಅವನ ಬಾಯಿಂದಲೇ ಕೇಳಿ ನಾವು ನಂಬಬಹುದೇ? ಈ ಪ್ರಶ್ನೆಯನ್ನು ಡೊನಾಲ್ಡ್ ಫ್ರೀಡ್ ಮತ್ತು ಆರ್ನಲ್ಡ್ ಸ್ಟೋನ್ ಜೊತೆಗೂಡಿ ರಚಿಸಿದ ‘ಸೀಕ್ರೆಟ್ ಆನರ್’ (ಗೂಢ ಗೌರವ) ಎಂಬ ಅಮೆರಿಕನ್ ನಾಟಕವನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

೨

ನಾಟಕದ ನಾಯಕ ರಿಚರ್ಡ್ ನಿಕ್ಸನ್. ಇಲ್ಲಿ ಒಂದು ಮಾತು. ಕನ್ನಡದಲ್ಲಿ ಬರೆಯುವವನಿಗೆ ಇಂಗ್ಲಿಷಿನ ವಿಮರ್ಶಕನಿಗೆ ಇಲ್ಲದ ಒಂದು ಅನುಕೂಲವಿದೆ. ಚರಿತ್ರೆಯ ನಿಕ್ಸನ್ನರನ್ನು ಬಹುವಚನದಲ್ಲಿಯೂ ನಾಟಕದ ನಿಕ್ಸನ್ನನನ್ನು ಏಕವಚನದಲ್ಲಿಯೂ ಕರೆದು ಇಬ್ಬರನ್ನೂ ಬೇರೆಬೇರೆಯಾಗಿ ಇಡಬಹುದು. ಮುಂದೆ ಕಾಣುವಂತೆ, ಈ ನಾಟಕದ ವಿಮರ್ಶೆಯಲ್ಲಿ ಈ ಭೇದವು ಕೇವಲ ವ್ಯಾಕರಣದ ಮಾತಲ್ಲ.

ಚರಿತ್ರೆಯ ನಿಕ್ಸನ್ನರು ೧೯೧೩ರಲ್ಲಿ ಕ್ಯಾಲಿಫೋರ್ನಿಯದ ಒಂದು ಸಾಧಾರಣ ಕ್ವೇಕರ್ ಕುಟುಂಬದಲ್ಲಿ ಹುಟ್ಟಿದರು. ಇಬ್ಬರು ಸೋದರರು ಎಳೆವಯಸ್ಸಿನಲ್ಲಿಯೇ ರೋಗದಿಂದ ತೀರಿಕೊಂಡರು. ನಿಕ್ಸನ್ನರು ಕಾನೂನನ್ನು ಓದಿ ವಕೀಲರಾದರು. ೧೯೪೬ರಲ್ಲಿ ಪ್ರತಿನಿಧಿಸಭೆಗೂ ೧೯೫೦ರಲ್ಲಿ ಸೆನೆಟ್ಟಿಗೂ ಚುನಾಯಿತರಾದರು. ೧೯೫೩ರಿಂದ ಎಂಟು ವರ್ಷ ಐಸೆನ್‌ಹೋವರ್ ಅವರ ಕೆಳಗೆ ಉಪಾಧ್ಯಕ್ಷರಾಗಿದ್ದರು. ೧೯೬೦ರಲ್ಲಿ ಕೆನೆಡಿಯವರ ಎದುರು ಅಧ್ಯಕ್ಷ ಪದವಿಗೂ ೧೯೬೨ರಲ್ಲಿ ಕ್ಯಾಲಿಫೋರ್ನಿಯದ ರಾಜ್ಯಪಾಲ ಪದವಿಗೂ ನಿಂತು ಸೋತರು. ಇನ್ನು ಇವರ ಕಥೆ ಮುಗಿಯಿತೆಂದು ಎಲ್ಲರೂ ತಿಳಿದಿದ್ದಾಗ ೧೯೬೮ರಲ್ಲಿ ಗೆದ್ದು ಅಧ್ಯಕ್ಷರಾದರು. ೧೯೭೨ರ ಜೂನ್ ೧೭ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಅದನ್ನು ಮುಚ್ಚಿಡುವ ಪ್ರಯತ್ನದಲ್ಲಿ ಅಧ್ಯಕ್ಷರ ಪಾತ್ರವು ಕ್ರಮಕ್ರಮವಾಗಿ ಬಯಲಾಗಿ, ೧೯೭೪ರ ಆಗಸ್ಟ್ ೯ರಂದು ಅವರು ಪದವಿಯನ್ನು ಬಿಡಬೇಕಾಯಿತು. ಒಂದು ತಿಂಗಳ ಮೇಲೆ, ಉತ್ತರಾಧಿಕಾರಿಯಾದ ಫೋರ್ಡರು ಅವರಿಗೆ ಪೂರ್ಣ ಕ್ಷಮೆಯನ್ನು ನೀಡಿದರು. ಕ್ಷಮೆ ದೊರೆತುದರಿಂದ ಅವರ ವಿಚಾರಣೆಯು ಯಾವ ನ್ಯಾಯಾಲಯದಲ್ಲಿಯೂ ನಡೆಯಲಿಲ್ಲ. ನಾಟಕವು ಹುಟ್ಟಿದುದು ನಡೆಯದೆ ಉಳಿದ ಈ ವಿಚಾರಣೆಯಿಂದ.

ಈ ಪತನದಲ್ಲಿ ನಾಟಕಕಾರರ ಕಣ್ಣಿಗೆ ಬೀಳಲೇಬೇಕಾದ ವಸ್ತುವೊಂದಿತ್ತು: ಧ್ವನಿಮುದ್ರಣ ಯಂತ್ರ. ೧೯೭೧ರ ಫೆಬ್ರವರಿಯಲ್ಲಿ ನಿಕ್ಸನ್ನರೇ ತಮ್ಮ ಕಚೇರಿಯಲ್ಲಿ ಗುಪ್ತವಾಗಿ ಟೇಪ್ ಯಂತ್ರಗಳನ್ನು ಕೂಡಿಸಿದ್ದರು. ಮಾತು ಕೇಳಿದೊಡನೆ ಅವು ತಾವಾಗಿಯೇ ಓಡುತ್ತಿದ್ದವು. ೧೯೭೩ರ ಜುಲೈಯಲ್ಲಿ ಈ ಗುಟ್ಟು ಸೆನೆಟ್ ಸಮಿತಿಯ ಮುಂದೆ ರಟ್ಟಾಯಿತು; ಮರುವರ್ಷದ ಜುಲೈ ೨೪ರಂದು ಸುರುಳಿಗಳನ್ನು ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟು ಒಮ್ಮತದಿಂದ ವಿಧಿಸಿತು. ಒಂದು ಸುರುಳಿಯಲ್ಲಿ ಹದಿನೆಂಟೂವರೆ ನಿಮಿಷಗಳ ಮಾತು ಅಳಿಸಿಹೋಗಿತ್ತು. ನಮ್ಮ ದೇಶಕ್ಕೂ ಈ ಸುರುಳಿಗಳಿಗೂ ಸಂಬಂಧವಿಲ್ಲದಿಲ್ಲ. ೧೯೭೧ರ ಬಾಂಗ್ಲಾದೇಶದ ಬಿಕ್ಕಟ್ಟಿನ ಕಾಲದಲ್ಲಿ ನಿಕ್ಸನ್ನರೂ ಕಿಸ್ಸಿಂಜರರೂ ಇಂದಿರಾ ಗಾಂಧಿಯವರನ್ನೂ ಭಾರತೀಯರನ್ನೂ ಕುರಿತು ಆಡಿದ ಹೀನಾಯದ ಮಾತುಗಳು ೨೦೦೫ರಲ್ಲಿ ಪ್ರಕಟವಾದ ದಾಖಲೆಗಳಿಂದ ಲೋಕಕ್ಕೆ ತಿಳಿದುಬಂದವು. ಮನುಷ್ಯನು ತನ್ನ ಕೀರ್ತಿಗಾಗಿ ಇಟ್ಟುಕೊಂಡ ಯಂತ್ರವೇ ಅವನಿಗೆ ಪ್ರತಿಸಾಕ್ಷಿಯಾಗುವ ಇಂಥ ವಿಡಂಬನೆಯನ್ನು ಯಾವ ಕವಿಯೂ ಇದಕ್ಕಿಂತ ಚೆನ್ನಾಗಿ ಕಲ್ಪಿಸಲಾರನು.

೩

‘ಸೀಕ್ರೆಟ್ ಆನರ್’ ೧೯೮೩ರಲ್ಲಿ ಲಾಸ್ ಏಂಜಲೀಸಿನಲ್ಲಿ ಮೊದಲು ರಂಗಕ್ಕೆ ಬಂದಿತು. ರಾಬರ್ಟ್ ಹಾರ್ಡರ್ಸ್ ನಿರ್ದೇಶಕರು. ಫಿಲಿಪ್ ಬೇಕರ್ ಹಾಲ್ ಏಕಮಾತ್ರ ನಟರು. ಮರುವರ್ಷ ರಾಬರ್ಟ್ ಆಲ್ಟ್‌ಮನ್ನರು ಅದೇ ನಟರನ್ನಿಟ್ಟುಕೊಂಡು ಇದನ್ನು ಚಲನಚಿತ್ರವಾಗಿ ತೆಗೆದರು. ಮಿಷಿಗನ್ ವಿಶ್ವವಿದ್ಯಾನಿಲಯದ ಆವರಣದಲ್ಲಿ, ಅಲ್ಲಿಯ ವಿದ್ಯಾರ್ಥಿಗಳ ನೆರವಿನಿಂದ ಆ ಚಿತ್ರವು ತಯಾರಾಯಿತೆಂಬುದು ನಮ್ಮ ಓದುಗರಿಗೆ ಸಂತೋಷದ ಸಂಗತಿ. ರಂಗಪ್ರದರ್ಶನವನ್ನು ಕಾಣುವ ಅವಕಾಶ ಇಲ್ಲಿಯವರಿಗೆ ಸುಲಭವಲ್ಲ. ಆದ್ದರಿಂದ ದೃಶ್ಯದ ವಿವರಗಳನ್ನು ಇಲ್ಲಿ ಚಿತ್ರದಿಂದಲೇ ತೆಗೆದುಕೊಂಡಿದೆ.

ರಾತ್ರಿಯ ಹೊತ್ತು, ಒಂದು ಓದುವ ಕೋಣೆ. ಮೇಜು, ಮದ್ಯದ ಸೀಸೆ, ಒಂದು ಪಿಸ್ತೂಲು, ಒಂದು ಟೇಪ್ ರೆಕಾರ್ಡರ್. ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರ, ಕಿಸ್ಸಿಂಜರನ, ತಾಯಿಯ ಚಿತ್ರಗಳು. ಮನೆಯ ಕಾವಲಿಗೆಂದು ಇಟ್ಟ ಕ್ಯಾಮರಾಗಳ ದೃಶ್ಯವನ್ನು ತೋರುವ ಟೆಲಿವಿಷನ್ ಪರದೆಗಳೂ ಅಲ್ಲಿವೆ. ಅಧಿಕಾರವನ್ನು ಕಳೆದುಕೊಂಡ ನಿಕ್ಸನ್ ಬಂದು, ತನ್ನ ಕಥೆಯನ್ನು ಮುದ್ರಿಸಿಕೊಳ್ಳಲು ಯಂತ್ರದ ಮುಂದೆ ಕೂರುತ್ತಾನೆ. ಯಂತ್ರವನ್ನು ನಡೆಸುವುದು ಅವನಿಗೆ ತಿಳಿಯದು, ಗುಂಡಿಗಳೊಡನೆ ಹೆಣಗುತ್ತಾನೆ. ಈ ಸಣ್ಣ ಹಾಸ್ಯದಲ್ಲಿಯೇ ನಾಟಕದ ಬೀಜವಿದೆ. ಯಾವ ಯಂತ್ರ ತನ್ನನ್ನು ಮುಳುಗಿಸಿತೋ ಅದರ ಮುಂದೆಯೇ ಅವನು ತನ್ನ ಬಿಡುಗಡೆಯನ್ನು ಬೇಡುತ್ತಿದ್ದಾನೆ. ನಡುನಡುವೆ, ಸುರುಳಿಯನ್ನು ಮುಂದೆ ಬೆರಳಚ್ಚಿಗೆ ಇಳಿಸಬೇಕಾದ ರಾಬರ್ಟೊ ಎಂಬ ಸಹಾಯಕನಿಗೆ ‘ಇದನ್ನು ಅಳಿಸಿಬಿಡು’ ಎಂಬ ಅರ್ಥದ ಸೂಚನೆಗಳನ್ನು ಕೊಡುತ್ತಾನೆ. ಹದಿನೆಂಟೂವರೆ ನಿಮಿಷಗಳ ಮೌನವನ್ನು ಬಲ್ಲ ಪ್ರೇಕ್ಷಕನು ನಗುತ್ತಾನೆ. ಮರುಕ್ಷಣದಲ್ಲಿ, ಹೀಗೆ ಅಳಿಸಲ್ಪಟ್ಟು ಉಳಿದ ಮಾತು ಎಷ್ಟರಮಟ್ಟಿಗೆ ನಿಜವಾದೀತೆಂದು ಶಂಕಿಸುತ್ತಾನೆ. ಬೆಕೆಟ್ಟರ ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ (೧೯೫೮) ನಾಟಕದಲ್ಲಿಯೂ ಮುದುಕನೊಬ್ಬನು ಟೇಪ್ ಯಂತ್ರದ ಮುಂದೆ ಕುಳಿತಿರುತ್ತಾನೆ. ಆದರೆ ಅವನು ತನ್ನ ಹಳೆಯ ದನಿಗೆ ಕಿವಿಗೊಟ್ಟು ಕೇಳುತ್ತಾನೆ. ನಿಕ್ಸನ್ ಕೇಳುವುದಿಲ್ಲ, ಹೇಳುತ್ತಾನೆ. ಕೇಳಲಾರದವನ ದುರಂತವೇ ಇಲ್ಲಿಯ ವಸ್ತು.

೪

ಏಕವ್ಯಕ್ತಿ ನಾಟಕದಲ್ಲಿ ಪರಿವರ್ತನೆಯನ್ನು ತೋರಿಸುವುದು ಕಷ್ಟ. ಬಹುಪಾತ್ರಗಳ ನಾಟಕದಲ್ಲಿ ಘಟನೆಗಳು ನಡೆದು, ಅವುಗಳ ಘರ್ಷಣೆಯಿಂದ ಪಾತ್ರವು ಬದಲಾಗುತ್ತದೆ. ಗಿರೀಶ ಕಾರ್ನಾಡರ ‘ತುಘಲಕ್’ (೧೯೬೪) ನಾಟಕದಲ್ಲಿ ಮಲತಾಯಿ, ಬರನಿ, ನಜೀಬ, ಶಿಹಾಬುದ್ದೀನ, ಅಜೀಜ ಇವರೊಬ್ಬೊಬ್ಬರೂ ಸುಲ್ತಾನನ ಒಂದೊಂದು ಮುಖವನ್ನು ಹೊರಗೆಳೆಯುತ್ತಾರೆ. ಆದರ್ಶವಾದಿಯು ಕ್ರೂರಿಯಾದ ಬಗೆ ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಏಕವ್ಯಕ್ತಿ ನಾಟಕದಲ್ಲಿ ಎಲ್ಲವೂ ಆಗಿಹೋಗಿರುತ್ತದೆ. ಉಳಿದಿರುವುದು ನಿರೂಪಣೆ ಮಾತ್ರ. ‘ನಾನು ಹೀಗಿದ್ದೆ, ಹಾಗಾದೆ’ ಎಂದು ಹೇಳಿದರೆ ಅದು ಜೀವನಚರಿತ್ರೆಯಾದೀತು, ನಾಟಕವಾಗದು. ಹಾಗಾದರೆ ಈ ಪ್ರಕಾರದಲ್ಲಿ ಪರಿವರ್ತನೆಯ ಸ್ಥಾನವೆಲ್ಲಿ?

ನಮ್ಮ ಅಭಿಪ್ರಾಯದಲ್ಲಿ ಅದು ಆಕಾಶಭಾಷಿತದಲ್ಲಿದೆ. ಮಾತನಾಡುವವನು ಒಬ್ಬನೇ ಆದರೂ ಮಾತನ್ನು ಕೇಳುವವನು ಬದಲಾಗುತ್ತಾನೆ. ಯಾರನ್ನು ಕುರಿತು ಮಾತನಾಡುತ್ತೇವೆಯೋ ಅದಕ್ಕೆ ತಕ್ಕಂತೆ ನಾವೂ ಬೇರೆಯಾಗುತ್ತೇವೆ. ತಾಯಿಯ ಮುಂದೆ ಮಗ, ನ್ಯಾಯಾಧೀಶನ ಮುಂದೆ ಆರೋಪಿ, ಸೇವಕನ ಮುಂದೆ ಒಡೆಯ. ಏಕವ್ಯಕ್ತಿ ನಾಟಕದ ಕ್ರಿಯೆಯೆಂದರೆ ಈ ಸಂಬೋಧನೆಗಳ ಪಲ್ಲಟವೇ ಸರಿ. ಈ ಸೂತ್ರವನ್ನು ಹಿಡಿದು ನೋಡಿದರೆ, ಮೊದಲ ನೋಟಕ್ಕೆ ಹುಚ್ಚನ ಪ್ರಲಾಪದಂತೆ ತೋರುವ ‘ಸೀಕ್ರೆಟ್ ಆನರ್’ ನಾಟಕಕ್ಕೆ ಒಂದು ಬಿಗಿಯಾದ ರಚನೆಯಿರುವುದು ಗೋಚರವಾಗುತ್ತದೆ.

ನಿಕ್ಸನ್ನನು ಮೊದಲು ಮಾತನಾಡುವುದು ಯಂತ್ರದೊಡನೆ. ಅನಂತರ ಕಾಣದ ನ್ಯಾಯಾಧೀಶನೊಬ್ಬನನ್ನು ಉದ್ದೇಶಿಸಿ ವಾದಕ್ಕೆ ತೊಡಗುತ್ತಾನೆ. ಇಲ್ಲಿ ನಾಟಕಕಾರರು ಮಾಡಿರುವ ಒಂದು ಯುಕ್ತಿ ಅಸಾಧಾರಣವಾದುದು. ನಿಕ್ಸನ್ ತನ್ನನ್ನು ‘ನಾನು’ ಎನ್ನದೆ ‘ನನ್ನ ಕಕ್ಷಿಗಾರ’ ಎನ್ನುತ್ತಾನೆ. ವಕೀಲನೂ ಅವನೇ, ಆರೋಪಿಯೂ ಅವನೇ. ಬಾಲ್ಯದ ಬಡತನವನ್ನೂ ಸೋದರರ ಸಾವನ್ನೂ ತಾನು ಪಟ್ಟ ಅವಮಾನಗಳನ್ನೂ ಕಕ್ಷಿಗಾರನ ಪರವಾಗಿ ವಾದಿಸುವಂತೆ ಮಂಡಿಸುತ್ತಾನೆ. ತನ್ನ ಬಾಳನ್ನೇ ಮೊಕದ್ದಮೆಯ ಕಡತವನ್ನಾಗಿ ಮಾಡಿಕೊಂಡವನ ಸ್ಥಿತಿ ಇದು. ಆದರೆ ನೋವು ಹೆಚ್ಚಾದಂತೆಲ್ಲ ವಕೀಲನ ಭಾಷೆ ಕುಸಿಯುತ್ತದೆ. ‘ಕಕ್ಷಿಗಾರ’ ಮಾಯವಾಗಿ ‘ನಾನು’ ಹೊರಬೀಳುತ್ತದೆ. ಒಡನೆಯೇ ಎಚ್ಚೆತ್ತು ಮತ್ತೆ ಕಕ್ಷಿಗಾರನ ಮರೆಗೆ ಸರಿಯುತ್ತಾನೆ. ಪ್ರಥಮಪುರುಷಕ್ಕೂ ಉತ್ತಮಪುರುಷಕ್ಕೂ ನಡುವಣ ಈ ಓಲಾಟದಲ್ಲಿ ಪಾತ್ರದ ಅಂತರಂಗವು ಎಷ್ಟು ಸ್ಪಷ್ಟವಾಗಿ ಕಾಣುತ್ತದೆಯೆಂದರೆ, ಹಲವು ನಾಟಕಗಳ ದೀರ್ಘ ಸ್ವಗತಗಳಲ್ಲಿಯೂ ಅಷ್ಟು ಕಾಣುವುದಿಲ್ಲ.

ಮೂರನೆಯ ಸಂಬೋಧನೆ ಗೋಡೆಯ ಚಿತ್ರಗಳಿಗೆ. ಐಸೆನ್‌ಹೋವರನ ಮುಂದೆ ತನ್ನನ್ನು ಕಡೆಗಣಿಸಿದ ಹಿರಿಯನ ಮೇಲಿನ ಹಳೆಯ ಸಿಟ್ಟು. ಕಿಸ್ಸಿಂಜರನ ಮುಂದೆ ತನ್ನ ಕೀರ್ತಿಯನ್ನು ಕದ್ದವನ ಮೇಲಿನ ಅಸೂಯೆ. ಬೈಗುಳದ ಈ ಪ್ರವಾಹವು ತಾಯಿ ಹ್ಯಾನಾಳ ಚಿತ್ರದ ಮುಂದೆ ಬಂದು ತಟಕ್ಕನೆ ನಿಲ್ಲುತ್ತದೆ. ಚರಿತ್ರೆಯ ನಿಕ್ಸನ್ನರು ಹತ್ತು ವರ್ಷದ ಬಾಲಕರಾಗಿದ್ದಾಗ, ಒಡೆಯನಿಗೆ ದೂರು ಹೇಳುವ ನಾಯಿಯ ಮಾತಿನಲ್ಲಿ ತಾಯಿಗೊಂದು ಪತ್ರ ಬರೆದಿದ್ದರು. ಕೊನೆಗೆ ತಾಯಿಯ ಒಳ್ಳೆಯ ನಾಯಿಯೆಂದು ರುಜು ಮಾಡಿದ್ದರು. ನಾಟಕವು ಈ ಪತ್ರವನ್ನು ಬಳಸಿಕೊಂಡಿರುವ ರೀತಿ ಹೃದಯವನ್ನು ಕಲಕುವಂತಿದೆ. ಜಗತ್ತಿನ ಅತ್ಯಂತ ಬಲಿಷ್ಠ ಪದವಿಯಲ್ಲಿ ಕುಳಿತಿದ್ದವನು ಇಲ್ಲಿ ಮತ್ತೆ ಪೆಟ್ಟು ತಿಂದ ನಾಯಿಯಾಗುತ್ತಾನೆ. ಪದವಿ ತ್ಯಜಿಸಿದ ದಿನ ನೌಕರವರ್ಗದ ಮುಂದೆ ಮಾತನಾಡುತ್ತ ಚರಿತ್ರೆಯ ನಿಕ್ಸನ್ನರೂ ತಮ್ಮ ತಾಯಿಯನ್ನು ಸಂತಳೆಂದು ನೆನೆದಿದ್ದರು. ಕಲ್ಪನೆಯು ಚರಿತ್ರೆಯ ಜಾಡಿನಲ್ಲಿಯೇ ಸಾಗಿ ಅದಕ್ಕಿಂತ ಒಂದು ಹೆಜ್ಜೆ ಆಳಕ್ಕೆ ಇಳಿದಿರುವುದಕ್ಕೆ ಇದು ಒಳ್ಳೆಯ ನಿದರ್ಶನ.

ನಟರಾದ ಹಾಲ್ ಅವರ ಸಾಧನೆಯನ್ನು ಇಲ್ಲಿ ನೆನೆಯಬೇಕು. ಅವರು ನಿಕ್ಸನ್ನರ ಅಣಕವನ್ನು ಮಾಡಿಲ್ಲ. ವ್ಯಂಗ್ಯಚಿತ್ರಕಾರರಿಗೆ ಪ್ರಿಯವಾದ ಮೂಗು, ಎತ್ತಿದ ಎರಡು ಕೈ ಇವುಗಳನ್ನು ನೆಚ್ಚದೆ, ಮುಗಿಯದ ವಾಕ್ಯಗಳಿಂದಲೂ ನಾಲಗೆಯ ತೊಡರಿನಿಂದಲೂ ಪಾತ್ರವನ್ನು ಕಟ್ಟಿದ್ದಾರೆ. ಒಂದು ವಾಕ್ಯದ ನಡುವೆಯೇ ಮತ್ತೊಂದು ನೆನಪು ನುಗ್ಗುತ್ತದೆ. ಬೈಗುಳವು ಪ್ರಾರ್ಥನೆಯಾಗುತ್ತದೆ, ಪ್ರಾರ್ಥನೆಯು ಲೆಕ್ಕಾಚಾರವಾಗುತ್ತದೆ. ಆಲ್ಟ್‌ಮನ್ನರ ಕ್ಯಾಮರಾ ಆಗಾಗ ಟೆಲಿವಿಷನ್ ಪರದೆಗಳ ಕಡೆ ತಿರುಗಿ, ಅದೇ ಮನುಷ್ಯನ ಮಸುಕಾದ ಹಲವು ಬಿಂಬಗಳನ್ನು ತೋರಿಸುತ್ತದೆ. ಇತರರ ಮೇಲೆ ಕಾವಲಿಟ್ಟವನು ಈಗ ತನ್ನ ಕಾವಲಿನಲ್ಲಿ ತಾನೇ ಸೆರೆಯಾಗಿದ್ದಾನೆ.

೫

ಇಷ್ಟರವರೆಗೆ ನಾಟಕದ ಗುಣಗಳನ್ನು ಹೇಳಿದುದಾಯಿತು. ಅದರ ದೋಷವೂ ಇಷ್ಟೇ ಗಂಭೀರವಾದುದು. ನಾಟಕದ ಹೆಸರಿನ ಗುಟ್ಟನ್ನು ನಿಕ್ಸನ್ ಕೊನೆಗೆ ಬಿಚ್ಚುತ್ತಾನೆ. ತನ್ನನ್ನು ರಾಜಕೀಯಕ್ಕೆ ತಂದವರು ಧನಿಕರ ಒಂದು ಗುಪ್ತ ಕೂಟ. ಅವರು ಏಷ್ಯದ ಯುದ್ಧವನ್ನು ತಮ್ಮ ಲಾಭಕ್ಕಾಗಿ ಮುಂದುವರಿಸಬೇಕೆಂದೂ, ಸಂವಿಧಾನವನ್ನು ಮೀರಿ ತನ್ನನ್ನು ಮೂರನೆಯ ಸಲ ಅಧ್ಯಕ್ಷನನ್ನಾಗಿ ಮಾಡಬೇಕೆಂದೂ ಹವಣಿಸಿದರು. ಆ ಪಾಪದಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದೆ ತಾನೇ ವಾಟರ್‌ಗೇಟಿನ ಹಗರಣವನ್ನು ಬೆಳೆಯಗೊಟ್ಟು ಬಿದ್ದೆ. ಲೋಕದಲ್ಲಿ ಅಪಕೀರ್ತಿ, ಒಳಗೆ ಗೂಢ ಗೌರವ. ಇದು ಅವನ ಸಮರ್ಥನೆ.

ಇದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ಚಲನಚಿತ್ರದ ಮೊದಲಲ್ಲಿಯೇ, ಇದು ಚರಿತ್ರೆಯಲ್ಲ, ಕಲ್ಪನೆಯ ಚಿಂತನ ಎಂಬ ಅರ್ಥದ ಸೂಚನೆಯೂ ಇದೆ. ಚರಿತ್ರೆಯನ್ನು ಕವಿ ಮಾರ್ಪಡಿಸಬಾರದೆಂದು ನಾವು ಹೇಳುವುದಿಲ್ಲ. ಆನಂದವರ್ಧನನೇ ರಸಕ್ಕೆ ಅನುಕೂಲವಾಗುವಂತೆ ಇತಿವೃತ್ತವನ್ನು ಮಾರ್ಪಡಿಸಲು ಕವಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ. ನಾಟಕ ಪ್ರದರ್ಶಿತವಾದಾಗ ನಿಕ್ಸನ್ನರು ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು ೧೯೯೪ರಲ್ಲಿ. ಬದುಕಿರುವವರ ಬಾಯಲ್ಲಿ ಆಡದ ಮಾತನ್ನು ಇಡಬಹುದೇ ಎಂಬುದೂ ಒಂದು ಪ್ರಶ್ನೆಯೇ. ಆದರೆ ನಮ್ಮ ಆಕ್ಷೇಪಣೆ ಅದಲ್ಲ. ಈ ಮಾರ್ಪಾಡು ರಸಕ್ಕೇ ಭಂಗ ತಂದಿದೆಯೆಂಬುದು. ಒಂದು ಗಂಟೆಯ ಕಾಲ ನಾಟಕವು ನಮ್ಮ ಮುಂದೆ ನಿಲ್ಲಿಸಿದ್ದು ತನ್ನ ಹೆದರಿಕೆ, ಹೊಟ್ಟೆಕಿಚ್ಚು, ಆಸೆಗಳಿಂದ ತನ್ನನ್ನು ತಾನೇ ಕೆಡಿಸಿಕೊಂಡ ಮನುಷ್ಯನನ್ನು. ಗುಪ್ತ ಕೂಟದ ಕಥೆ ಬಂದೊಡನೆ ಅವನು ಇತರರ ಕೈಗೊಂಬೆಯಾಗುತ್ತಾನೆ. ಕೈಗೊಂಬೆಗೆ ಪಾಪವಿಲ್ಲ, ಆದ್ದರಿಂದ ಪಶ್ಚಾತ್ತಾಪವೂ ಇಲ್ಲ, ಪರಿವರ್ತನೆಯೂ ಇಲ್ಲ. ದುರಂತನಾಯಕನಾಗುತ್ತಿದ್ದವನು ಪತ್ತೇದಾರಿ ಕಥೆಯ ಪಾತ್ರವಾಗಿ ಇಳಿಯುತ್ತಾನೆ.

ಈ ಸಮರ್ಥನೆಯೂ ಆತ್ಮವಂಚನೆಯ ಇನ್ನೊಂದು ಪದರವೇ, ನಾಟಕಕಾರರು ಅದನ್ನು ನಂಬಿಲ್ಲ ಎಂದು ಕೆಲವರು ವಾದಿಸಬಹುದು. ವಾದವು ಆಕರ್ಷಕವಾಗಿದೆ, ಆದರೆ ನಾಟಕವು ಅದಕ್ಕೆ ಆಸರೆ ಕೊಡುವುದಿಲ್ಲ. ವಿಟನು ಸುಳ್ಳು ಹೇಳಿದಾಗ ಆಕಾಶದಿಂದ ಬಂದ ಪ್ರಶ್ನೆಯೊಂದು ಅವನನ್ನು ತೊಡರಿಸುತ್ತದೆ. ಇಲ್ಲಿ ಗುಪ್ತ ಕೂಟದ ಕಥೆಯನ್ನು ಹೇಳುವಾಗ ನ್ಯಾಯಾಧೀಶನ ಪ್ರಶ್ನೆಯಿಲ್ಲ, ತಾಯಿಯ ನೋಟವಿಲ್ಲ. ಬೇರೆಡೆಯಲ್ಲೆಲ್ಲ ಅವನನ್ನು ತೊಡರಿಸುತ್ತಿದ್ದ ನಾಲಗೆಯು ಈ ಕಥೆಯನ್ನು ಸುಳ್ಳೆಂದು ಬಯಲು ಮಾಡುವುದಿಲ್ಲ. ಕಡೆಯಲ್ಲಿ ಪಿಸ್ತೂಲನ್ನು ಬದಿಗಿಟ್ಟು, ತನ್ನ ಸಾವನ್ನು ಬಯಸುವವರಿಗೆಲ್ಲ ಒಂದು ಅಶ್ಲೀಲವಾದ ಧಿಕ್ಕಾರವನ್ನು ಕೂಗುತ್ತ ಮುಷ್ಟಿಯೆತ್ತುತ್ತಾನೆ. ಪರದೆಗಳ ಮೇಲೆ ಆ ಕೂಗು ಮತ್ತೆ ಮತ್ತೆ ಮರುಕಳಿಸುತ್ತದೆ. ಪರಿಣಾಮವು ಪ್ರಬಲವಾದುದೇ. ಆದರೆ ಆ ಧಿಕ್ಕಾರ ಯಾರಿಗೆ? ಇಡೀ ರಾತ್ರಿ ಅವನು ಒಮ್ಮೆಯೂ ನೇರವಾಗಿ ಎದುರಿಸದ ಪ್ರಜೆಗಳಿಗೇ ಅಲ್ಲವೆ?

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ೧೯೭೭ರಲ್ಲಿ ಚರಿತ್ರೆಯ ನಿಕ್ಸನ್ನರು ಡೇವಿಡ್ ಫ್ರಾಸ್ಟ್ ಎಂಬ ಬ್ರಿಟಿಷ್ ಸಂದರ್ಶಕರೊಡನೆ ಟೆಲಿವಿಷನ್ನಿನಲ್ಲಿ ದೀರ್ಘವಾಗಿ ಮಾತನಾಡಿದರು. ಪ್ರಶ್ನೆಯ ಮೇಲೆ ಪ್ರಶ್ನೆ ಬಂದು ಕೊನೆಗೆ, ತಾವು ಗೆಳೆಯರನ್ನೂ ದೇಶವನ್ನೂ ನಿರಾಶೆಗೊಳಿಸಿದುದಾಗಿ ಒಪ್ಪಿಕೊಂಡರು. ಅದು ಪೂರ್ಣವಾದ ತಪ್ಪೊಪ್ಪಿಗೆಯಲ್ಲ. ಅಪರಾಧವೆಂಬ ಮಾತನ್ನು ಅವರು ಒಪ್ಪಲಿಲ್ಲ. ಆದರೂ, ಎದುರಿಗೊಬ್ಬ ಕೇಳುವವನಿದ್ದುದರಿಂದ ಅಷ್ಟಾದರೂ ಹೊರಬಂದಿತು. ಪೀಟರ್ ಮಾರ್ಗನ್ನರ ‘ಫ್ರಾಸ್ಟ್/ನಿಕ್ಸನ್’ ನಾಟಕ (೨೦೦೬) ಈ ಸಂದರ್ಭವನ್ನೇ ವಸ್ತುವಾಗಿ ಉಳ್ಳದ್ದು. ಅದರಲ್ಲಿಯೂ ನಡುರಾತ್ರಿಯ ಟೆಲಿಫೋನ್ ಕರೆಯಂಥ ಕಲ್ಪಿತ ಪ್ರಸಂಗವಿದೆ. ಭಾಷೆಯ ತೀವ್ರತೆಯಲ್ಲಿ ಅದು ‘ಸೀಕ್ರೆಟ್ ಆನರ್’ ನಾಟಕಕ್ಕೆ ಸಮವಲ್ಲ; ಆದರೆ ಸಂವಾದವಿರುವುದರಿಂದಲೇ ಸತ್ಯದ ಕಡೆಗೆ ಅದರ ನಡಿಗೆ ನೆಟ್ಟಗಿದೆ. ಕವಿಕಲ್ಪಿತ ನಿಕ್ಸನ್ ಏಕಾಂತದಲ್ಲಿ ಮಾಡಿಕೊಂಡ ನಿವೇದನೆಗಿಂತ ನಿಜವಾದ ನಿಕ್ಸನ್ನರು ಎದುರಾಳಿಯ ಮುಂದೆ ಮಾಡಿದ ಅರೆಮನಸ್ಸಿನ ನಿವೇದನೆ ಹೆಚ್ಚು ಪ್ರಾಮಾಣಿಕವಾಗಿದೆ! ಏಕಾಂತದಲ್ಲಿ ಮನುಷ್ಯನು ಸತ್ಯವನ್ನು ನುಡಿಯುತ್ತಾನೆಂಬುದು ಕಾವ್ಯದ ಒಂದು ನಂಬಿಕೆ. ರಾಜಕಾರಣಿಯ ವಿಷಯದಲ್ಲಿ ಅದು ಹುಸಿಯಾಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

೬

ಹೀಗೆಂದ ಮಾತ್ರಕ್ಕೆ ರಾಜಕಾರಣಿಯನ್ನು ಒಂಟಿಯಾಗಿ ರಂಗದ ಮೇಲೆ ತರಲೇಬಾರದೆಂದು ಅರ್ಥವಲ್ಲ. ಒಂಟಿತನದಲ್ಲಿಯೂ ಎದುರಾಳಿಗೆ ಸ್ಥಾನ ಕೊಡುವುದು ಸಾಧ್ಯ. ಇದಕ್ಕೆ ನಮ್ಮ ಕಾವ್ಯದಲ್ಲಿಯೇ ಮೇಲಾದ ಮಾದರಿಯಿದೆ. ರನ್ನನ ‘ಗದಾಯುದ್ಧ’ದಲ್ಲಿ ರಾಜ್ಯವನ್ನು ಕಳೆದುಕೊಂಡ ದುರ್ಯೋಧನನು ಸಂಜಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೆಣಗಳು ಬಿದ್ದ ರಣರಂಗದಲ್ಲಿ ನಡೆದು ಹೋಗುತ್ತಾನೆ. ದ್ರೋಣ, ದುಶ್ಶಾಸನ, ಮಗನಾದ ಲಕ್ಷಣಕುಮಾರ, ಕರ್ಣ ಒಬ್ಬೊಬ್ಬರ ಶವದ ಮುಂದೆಯೂ ನಿಂತು ಮಾತನಾಡುತ್ತಾನೆ. ಸತ್ತವರು ಮರುನುಡಿಯುವುದಿಲ್ಲ; ಆ ಮೌನವೇ ಅವನಿಗೆ ಉತ್ತರ. ಇದೂ ಒಂದು ಬಗೆಯ ಆಕಾಶಭಾಷಿತವೇ. ಆದರೆ ಎಷ್ಟು ಅಂತರ! ತಮ್ಮನ ಶವದ ಮುಂದೆ ಅಣ್ಣನಾಗಿ, ಮಗನ ಶವದ ಮುಂದೆ ತಂದೆಯಾಗಿ, ಗೆಳೆಯನ ಶವದ ಮುಂದೆ ಗೆಳೆಯನಾಗಿ ಅವನು ಬದಲಾಗುತ್ತ ಹೋಗುತ್ತಾನೆ. ಎಲ್ಲಕ್ಕೂ ಮಿಗಿಲಾಗಿ, ವೈರಿಯ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಅವನ ಪರಾಕ್ರಮಕ್ಕೆ ಕೈಮುಗಿಯುತ್ತಾನೆ. ಆ ಒಂದು ಕ್ಷಣದಲ್ಲಿ ಛಲದಂಕಮಲ್ಲನು ನಮ್ಮ ಗೌರವವನ್ನು ಗೆಲ್ಲುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನೇ ನಾಟಕರೂಪಕ್ಕೆ ಹೊಂದಿಸಿದ್ದು ಇದರ ನಾಟಕೀಯ ಶಕ್ತಿಯನ್ನು ಕಂಡುಕೊಂಡಿದ್ದರಿಂದಲೇ ಇರಬೇಕು.

ನಿಕ್ಸನ್ನನ ಕೋಣೆಯಲ್ಲಿ ಇರುವ ಚಿತ್ರಗಳೆಲ್ಲ ಅಧಿಕಾರಸ್ಥರವು ಅಥವಾ ಬಂಧುಗಳವು. ಅಭಿಮನ್ಯುವಿಗೆ ಅಲ್ಲಿ ಎಡೆಯಿಲ್ಲ. ೧೯೬೯ರಿಂದ ಕಾಂಬೋಡಿಯದ ಮೇಲೆ ಗುಟ್ಟಾಗಿ ಬಾಂಬುಗಳು ಬಿದ್ದವು. ಆ ದೇಶದೊಳಕ್ಕೆ ಯುದ್ಧವನ್ನು ಹಬ್ಬಿಸಿದುದನ್ನು ವಿರೋಧಿಸಿದ ಸಂದರ್ಭದಲ್ಲಿ ೧೯೭೦ರ ಮೇ ೪ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಇವರಲ್ಲಿ ಒಬ್ಬರ ಚಿತ್ರವಾದರೂ ಆ ಗೋಡೆಯ ಮೇಲಿದ್ದು, ಅದರ ಮುಂದೆ ನಿಕ್ಸನ್ ಒಂದು ಕ್ಷಣ ನಿಲ್ಲಬೇಕಾಗಿ ಬಂದಿದ್ದರೆ? ಆಗ ನಾಟಕಕ್ಕೆ ಗುಪ್ತ ಕೂಟದ ಕಥೆ ಬೇಕಾಗುತ್ತಿರಲಿಲ್ಲ.

ಈ ಪ್ರಕಾರದ ಬೇರೆ ಎರಡು ನಾಟಕಗಳನ್ನು ಹೋಲಿಸಿದರೆ ‘ಸೀಕ್ರೆಟ್ ಆನರ್’ ನಾಟಕದ ಸ್ಥಾನ ಇನ್ನೂ ಸ್ಪಷ್ಟವಾಗುತ್ತದೆ. ಸ್ಯಾಮ್ಯುಯೆಲ್ ಗ್ಯಾಲು ಅವರ ‘ಗಿವ್ ಎಮ್ ಹೆಲ್, ಹ್ಯಾರಿ!’ (೧೯೭೫) ಅಧ್ಯಕ್ಷ ಟ್ರೂಮನ್ನರನ್ನು ಕುರಿತದ್ದು. ಜೇಮ್ಸ್ ವಿಟ್‌ಮೋರ್ ಅದರ ನಟರು. ನಿಕ್ಸನ್ನರಿಗೆ ಕ್ಷಮೆ ನೀಡಿದ ಫೋರ್ಡರೇ ವಾಷಿಂಗ್‌ಟನ್ನಿನಲ್ಲಿ ಆ ನಾಟಕವನ್ನು ನೋಡಿದ್ದರು. ವಾಟರ್‌ಗೇಟಿನಿಂದ ಬೇಸತ್ತ ಜನತೆಗೆ ನೇರ ಮಾತಿನ ಒಬ್ಬ ನಾಯಕನನ್ನು ಅದು ಕೊಟ್ಟಿತು, ಜನ ಮೆಚ್ಚಿದರು. ಅದರಲ್ಲಿ ವಿನೋದವಿದೆ, ಆತ್ಮೀಯತೆಯಿದೆ; ಆದರೆ ನಾಯಕನಿಗೆ ತನ್ನ ಮೇಲೆ ತನಗೇ ಸಂಶಯವಿಲ್ಲವಾಗಿ ಅದು ಸ್ತುತಿಯಾಗಿಯೇ ಉಳಿಯುತ್ತದೆ. ವಿಲಿಯಂ ಗಿಬ್ಸನ್ನರ ‘ಗೋಲ್ಡಾಸ್ ಬಾಲ್ಕನಿ’ (೨೦೦೩) ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಅವರನ್ನು ಕುರಿತದ್ದು. ಅಮೆರಿಕದಿಂದ ೧೯೨೧ರಲ್ಲಿ ಪ್ಯಾಲೆಸ್ತೀನಿಗೆ ಹೋಗಿ ಕಿಬ್ಬುತ್ಸಿನಲ್ಲಿ ದುಡಿದ ಆದರ್ಶವಾದಿ ತರುಣಿಯು ೧೯೭೩ರ ಯುದ್ಧದಲ್ಲಿ ಅಣ್ವಸ್ತ್ರದ ಮಾತನ್ನು ಯೋಚಿಸುವ ಸ್ಥಿತಿಗೆ ಬರುವುದನ್ನು ಅದು ಚಿತ್ರಿಸುತ್ತದೆ. ಹೆಸರಿನಲ್ಲಿರುವ ಬಾಲ್ಕನಿ ಎರಡು: ಒಂದು ಅವಳ ಮನೆಯಿಂದ ಸಮುದ್ರವನ್ನು ನೋಡುವುದು, ಇನ್ನೊಂದು ಡಿಮೋನಾದ ಅಣುಸ್ಥಾವರದ ಒಳಗನ್ನು ನೋಡುವುದು. ಈ ಎರಡರ ನಡುವಣ ದೂರವೇ ಅವಳ ಪರಿವರ್ತನೆ. ಇಲ್ಲಿ ನಾಯಿಕೆಯು ತನ್ನ ನಿರ್ಧಾರವನ್ನು ಬೇರೆಯವರ ಮೇಲೆ ಹೊರಿಸುವುದಿಲ್ಲ. ಆ ಮಟ್ಟಿಗೆ ಇದು ‘ಸೀಕ್ರೆಟ್ ಆನರ್’ಗಿಂತ ನೈತಿಕವಾಗಿ ಗಟ್ಟಿಯಾದ ಕೃತಿ. ಆದರೆ ಇಲ್ಲಿಯೂ ಪ್ಯಾಲೆಸ್ತೀನಿಯರಿಗೆ ತಮ್ಮದೇ ಆದ ದನಿ ದೊರೆಯುವುದಿಲ್ಲ. ಒಬ್ಬಳೇ ಮಾತನಾಡುವ ರಂಗದ ಮೇಲೆ ಆ ಕೊರತೆ ಇಮ್ಮಡಿಯಾಗಿ ಕಾಣುತ್ತದೆ.

೭

ಒಟ್ಟಿನಲ್ಲಿ ‘ಸೀಕ್ರೆಟ್ ಆನರ್’ ಮೊದಲ ಮುಕ್ಕಾಲು ಭಾಗದಲ್ಲಿ ಉತ್ತಮ ನಾಟಕ. ಉಳಿದ ಭಾಗದಲ್ಲಿ ತನ್ನ ಸಾಧನೆಯನ್ನು ತಾನೇ ಕೈಬಿಟ್ಟ ನಾಟಕ. ವಕೀಲನೂ ಆರೋಪಿಯೂ ಒಬ್ಬನೇ ಆದವನ ಒಡಕನ್ನು ಅದು ಕಂಡಂತೆ ಬೇರೆ ಕೃತಿ ಕಂಡಿರುವುದು ವಿರಳ. ಆದರೆ ಆ ನ್ಯಾಯಾಲಯಕ್ಕೆ ಸಾಕ್ಷಿಗಳನ್ನು ಕರೆಸಲು ಅದು ಮರೆಯಿತು.

ನಮ್ಮ ಕಾಲೇಜುಗಳಲ್ಲಿ ಏಕಪಾತ್ರಾಭಿನಯವು ಬಹುಕಾಲದಿಂದ ರೂಢಿಯಲ್ಲಿದೆ. ಸತ್ಯವಾಗಿ ಬಾಳಿದ ನಾಯಕರನ್ನೂ ದಾರಿ ತಪ್ಪಿದ ಅರಸರನ್ನೂ ವಿದ್ಯಾರ್ಥಿಗಳು ಉತ್ಸಾಹದಿಂದ ಅಭಿನಯಿಸುತ್ತಾರೆ. ಧ್ವನಿಯ ಏರಿಳಿತ, ವೇಷ, ಕಂಠಪಾಠ ಇವುಗಳನ್ನು ನೋಡಿ ನಾವು ಬಹುಮಾನ ಕೊಡುತ್ತೇವೆ. ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಲೇಸು: ಈ ಪಾತ್ರವು ಯಾರೊಡನೆ ಮಾತನಾಡುತ್ತಿದೆ? ಅದು ಎದುರಿಸಲು ಅಂಜುವ ಮನುಷ್ಯನು ರಂಗದ ಮೇಲೆ, ಕಾಣದೆಯಾದರೂ, ಬಂದು ನಿಂತಿದ್ದಾನೆಯೇ? ಭಾಣದ ವಿಟನು ‘ಏನೆನ್ನುತ್ತೀಯೆ?’ ಎಂದು ಕೇಳಿ, ಉತ್ತರಕ್ಕಾಗಿ ಒಂದು ಕ್ಷಣ ತಡೆಯುತ್ತಾನೆ. ಅಧಿಕಾರದಲ್ಲಿದ್ದವನ ಕಥೆಯನ್ನು ಬರೆಯುವ ನಾಟಕಕಾರನಿಗೆ ಆ ಒಂದು ಕ್ಷಣದ ತಡೆ ಅತ್ಯಾವಶ್ಯಕ. ಅದಿಲ್ಲದಿದ್ದಲ್ಲಿ ಏಕವ್ಯಕ್ತಿ ನಾಟಕವು ಒಬ್ಬ ಮನುಷ್ಯನ ಮಾತಾಗಿ ಉಳಿಯದೆ, ಒಬ್ಬನ ಮಾತೇ ಎಲ್ಲರ ಮಾತೆಂದು ನಂಬಿಸುವ ಆಳ್ವಿಕೆಯಾಗುತ್ತದೆ.